ಗುಮಟೆಯ ಕಿರುಬಾಯಿ, ಸಬ್‌ವೂಫರಿನ ತೂತು

ಗುಮಟೆಗೆ ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣ ಬಾಯಿ ತೆರೆದೇ ಇರುತ್ತದೆ. ನೋಡುವವರ ಕಣ್ಣು ಹೋಗುವುದು ಚರ್ಮದ ಮೇಲೆ ಬೀಳುವ ಕೈಯ ಕಡೆಗೆ. ಆದರೆ ಬಾರಿಸುವವರ ಜಾಣ್ಮೆ ಇರುವುದು ಇನ್ನೊಂದು ಕೈಯಲ್ಲಿ. ಆ ಅಂಗೈ ಸಣ್ಣ ಬಾಯನ್ನು ಒಮ್ಮೆ ಮುಚ್ಚುತ್ತದೆ, ಒಮ್ಮೆ ತೆರೆಯುತ್ತದೆ, ಇನ್ನೊಮ್ಮೆ ಅರೆಬರೆ ಮುಚ್ಚಿ ಹಾಗೇ ನಿಲ್ಲುತ್ತದೆ. ಮಡಕೆಯೊಳಗಿನ ಗಾಳಿ ಆ ಅಂಗೈಯ ಮಾತು ಕೇಳಿ ಗುಂಯ್‌ಗುಡುತ್ತದೆ ಅಥವಾ ಸುಮ್ಮನಾಗುತ್ತದೆ. ಉತ್ತರ ಕನ್ನಡದಲ್ಲಿ ಹಾಲಕ್ಕಿಗಳ ಕೈಯಲ್ಲಿ ಗುಮಟೆಯನ್ನು ನೋಡಿದವರು ಬಹಳ. ಗಡಿಯಾಚೆ ಗೋವೆಯಲ್ಲಿ ಇದೇ ವಾದ್ಯಕ್ಕೆ ಘುಮಟ್ ಎನ್ನುತ್ತಾರೆ. ಮೊದಲು ಉಡದ ಚರ್ಮ ಬಳಸುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆಡಿನ ಚರ್ಮಕ್ಕೆ ಬಂದಿದ್ದಾರೆ. ಚರ್ಮ ಬದಲಾದರೂ ಕಿರುಬಾಯಿ ಬದಲಾಗಿಲ್ಲ.

ಮಡಕೆಯೊಳಗಿನ ಗಾಳಿ ಒಂದು ನಿರ್ದಿಷ್ಟ ಸ್ವರಕ್ಕೆ ಯಾಕೆ ಮಿಡಿಯುತ್ತದೆ ಎಂಬುದನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಬಂದ ತನ್ನ ಪುಸ್ತಕದಲ್ಲಿ ವಿವರಿಸಿದ. ಕೊರಳಿನಲ್ಲಿರುವ ಗಾಳಿ ಒಂದು ತೂಕದಂತೆ, ಹೊಟ್ಟೆಯಲ್ಲಿರುವ ಗಾಳಿ ಒಂದು ಸ್ಪ್ರಿಂಗಿನಂತೆ. ತೂಕ ಸ್ಪ್ರಿಂಗಿನ ಮೇಲೆ ಕುಣಿಯುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ ಎಂಬ ಎಂಜಿನಿಯರ್ ಇದೇ ತತ್ವವನ್ನು ಧ್ವನಿವರ್ಧಕದ ಪೆಟ್ಟಿಗೆಗೆ ಅಳವಡಿಸಿ 1930ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1932ರಲ್ಲಿ ಅದು ಸಿಕ್ಕಿತು. ಇವತ್ತು ಅಂಗಡಿಯಲ್ಲಿ ಸಿಗುವ ಹೋಮ್ ಥಿಯೇಟರಿನ ಸಬ್‌ವೂಫರ್ ಪೆಟ್ಟಿಗೆಯ ಒಂದು ಬದಿಗೆ ದುಂಡನೆಯ ತೂತು ಇರುತ್ತದಲ್ಲ, ಅದು ಥುರಾಸನ ತೂತು. ಗುಮಟೆ ಮಾಡಿದ ಕುಂಬಾರರು ಪೇಟೆಂಟ್ ಕೇಳಲು ಹೋಗಲಿಲ್ಲ, ಅಷ್ಟೇ. ಇಲ್ಲಿ ಚರ್ಮ ಅಲುಗುತ್ತದೆ, ಅಲ್ಲಿ ಕಾಗದದ ಕೋನು ಅಲುಗುತ್ತದೆ. ಕೊರಳಿನ ಗಾಳಿ ಮಾಡುವ ಕೆಲಸ ಎರಡರಲ್ಲೂ ಒಂದೇ. ಮುಖ್ಯವಾದ ವ್ಯತ್ಯಾಸ ಒಂದಿದೆ. ಸಬ್‌ವೂಫರಿನ ತೂತಿನ ಮೇಲೆ ಯಾರ ಅಂಗೈಯೂ ಇರುವುದಿಲ್ಲ.

ಈ ವ್ಯತ್ಯಾಸದ ಹಿಂದೆ ಒಂದು ಚರಿತ್ರೆಯಿದೆ ಎಂಬುದು ನನ್ನ ವಾದ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯ ವಾದ್ಯಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ನನಗೆ, ವಾದ್ಯಗಳಿಗಿಂತ ಹೆಚ್ಚಾಗಿ ಅವು ಯಾರ ಕಿವಿಗೆ, ಎಷ್ಟು ಹೊತ್ತಿಗೆ, ಎಷ್ಟು ದೂರದಿಂದ ಬೀಳುತ್ತಿದ್ದವು ಎಂಬ ಪ್ರಶ್ನೆಯೇ ಕಾಡತೊಡಗಿದೆ. ಅದರಲ್ಲೂ ತಗ್ಗು ಸದ್ದು. ನಾವು ಬೇಸ್ ಎನ್ನುವ, ಕಿವಿಗಿಂತ ಮೊದಲು ಎದೆಗೂಡಿಗೆ ತಾಗುವ ಸದ್ದು.

ಈ ಸೀಮೆಗೆ ಅದು ಹೊಸದಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಗಳ ಹೆಸರು ಹೇಳಿದರೆ ಕನ್ನಡದ ಓದುಗರಿಗೆ ಮೊದಲು ನೆನಪಾಗುವುದು ಡಮಾಮಿ. ಆಫ್ರಿಕಾದಿಂದ ಪೋರ್ಚುಗೀಸರ ಗೋವೆಯ ದಾರಿಯಾಗಿ ಗುಲಾಮರಾಗಿ ಬಂದವರು, ದಖನ್ನಿನ ಸುಲ್ತಾನರ ಸೈನ್ಯಗಳಿಗೆ ಬಂದವರು, ಹೀಗೆ ಹಲವು ದಾರಿಗಳ ಜನ ಇವರ ಪೂರ್ವಿಕರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ದೇವರು ಬೇರೆ ಬೇರೆಯಾದರೂ ಡಮಾಮಿಯ ಪೆಟ್ಟಿಗೆ ಕಾಲು ಹಾಕುವಾಗ ಆ ಗೆರೆಗಳು ಅಳಿಸಿಹೋಗುತ್ತವೆ. ಅಕ್ಬರನ ಆಸ್ಥಾನದ ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಅರಮನೆಯ ನಗಾರಖಾನೆಯ ವಾದ್ಯಗಳನ್ನು ಪಟ್ಟಿ ಮಾಡುವಾಗ ಮೊದಲು ಹೆಸರಿಸುವುದು ದಮಾಮವನ್ನು. ಹದಿನೆಂಟು ಜೊತೆಯಷ್ಟು ಇರುತ್ತಿದ್ದವಂತೆ, ಅವುಗಳ ನಾದ ಗಂಭೀರವಂತೆ. ಹೆಸರಿನ ಹೋಲಿಕೆ ಎದ್ದು ಕಾಣುತ್ತದೆ. ನನಗೆ ಹೋಲಿಕೆಗಿಂತ ಮುಖ್ಯವಾಗಿ ಕಂಡದ್ದು ಜಾಗ. ನಗಾರಖಾನೆ ಇರುತ್ತಿದ್ದದ್ದು ಹೆಬ್ಬಾಗಿಲ ಮೇಲೆ, ಮಲಗುವ ಮನೆಗಳಿಂದ ದೂರ. ಡಮಾಮಿಯೂ ಅಷ್ಟೇ, ಅಂಗಳದ ವಾದ್ಯ.

ಮುಂಡಗೋಡಕ್ಕೆ ತಗ್ಗು ಸದ್ದು ಇನ್ನೊಂದು ದಿಕ್ಕಿನಿಂದ ಬಂತು. 1966ರಲ್ಲಿ ಅಲ್ಲಿ ಟಿಬೆಟನ್ನರ ವಸಾಹತು ಶುರುವಾಯಿತು, ಮುಂದೆ ಡ್ರೆಪುಂಗ್ ಮತ್ತು ಗಾಂಡೆನ್ ಎಂಬ ಎರಡು ಮಹಾವಿಹಾರಗಳು ಅಲ್ಲಿ ಮರುಹುಟ್ಟು ಪಡೆದವು. ಆಳೆತ್ತರ ಮೀರಿದ ಡುಂಗ್‌ಚೆನ್ ಕಹಳೆ ಊದಿದಾಗ ಹೊರಡುವುದು ಸ್ವರ ಎನ್ನುವುದಕ್ಕಿಂತ ಗಾಳಿಯ ನಡುಕ. ಇದೇ ಗೆಲುಗ್ ಪಂಥದ ಗ್ಯೂಟೊ ಭಿಕ್ಷುಗಳು ಒಂದೇ ಗಂಟಲಿನಿಂದ ಏಕಕಾಲಕ್ಕೆ ತಗ್ಗು ಸ್ವರವನ್ನೂ ಅದರ ಮೇಲೊಂದು ಸ್ವರವನ್ನೂ ಹೊರಡಿಸುವ ರೀತಿಯ ಬಗ್ಗೆ ಹ್ಯೂಸ್ಟನ್ ಸ್ಮಿತ್ ಮತ್ತು ಇನ್ನಿಬ್ಬರು 1967ರಲ್ಲಿ ಅಮೆರಿಕದ ಧ್ವನಿವಿಜ್ಞಾನ ಪತ್ರಿಕೆಯೊಂದರಲ್ಲಿ ಬರೆದರು. ಸೆಕೆಂಡಿಗೆ ನೂರಕ್ಕಿಂತ ಕಡಿಮೆ ಕಂಪನಗಳ ಆ ಗಂಟಲಿಗೆ ಸಿನಿಮಾ ಮಂದಿರದ ಸ್ಪೀಕರುಗಳೂ ನಾಚಬೇಕು.

ಹಾಗೆಂದು ಹಳೆಯ ಕಾಲದಲ್ಲಿ ಎಲ್ಲರೂ ನೆಮ್ಮದಿಯಾಗಿ ಮಲಗುತ್ತಿದ್ದರು ಎಂದು ನಾನು ಹೇಳಲಾರೆ. ಯಾರು ಬಾರಿಸಬೇಕು, ಯಾರ ಮನೆ ಮುಂದೆ ಬಾರಿಸಬಾರದು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಬೇಡ ಎನ್ನುವ ಹಕ್ಕು ಎಲ್ಲರಿಗೂ ಇರಲಿಲ್ಲ. ಆದರೆ ಭೌತಿಕವಾಗಿ ಎರಡು ಸಂಗತಿಗಳು ನಿಜ. ಒಂದು, ಬಾರಿಸುವ ಕೈ ಸೋಲುತ್ತಿತ್ತು, ಹಬ್ಬ ಮುಗಿಯುತ್ತಿತ್ತು. ಎರಡು, ದೂರ ಇತ್ತು. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಜೋಯಿಡಾದ ಕಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಗದ್ದೆ ದಾಟಿ, ಹಳ್ಳ ದಾಟಿ ಹೋಗಬೇಕು. ಹತ್ತು ಮೀಟರಿನಲ್ಲಿ ಎದೆ ನಡುಗಿಸುವ ಡೋಲು 320 ಮೀಟರ್ ದಾಟುವ ಹೊತ್ತಿಗೆ 30 ಡೆಸಿಬಲ್ ಕಳೆದುಕೊಂಡು, ಎಲ್ಲೋ ಏನೋ ನಡೆದಿದೆ ಎಂಬ ಸುದ್ದಿಯಷ್ಟೇ ಆಗಿ ಉಳಿಯುತ್ತದೆ.

ದಾಂಡೇಲಿ ಬೇರೆ ಬಗೆಯ ಊರು. ಕೆಲವು ವರ್ಷಗಳ ಹಿಂದಿನವರೆಗೂ ಅದು ಹಳಿಯಾಳ ತಾಲೂಕಿನೊಳಗೇ ಇತ್ತು. ಮರ ಸಾಗಿಸುವ ಊರಾಗಿದ್ದದ್ದು ಕಾರ್ಖಾನೆಯ ಊರಾಯಿತು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1955ರಲ್ಲಿ ಸ್ಥಾಪನೆಯಾಗಿ, 1959ರಲ್ಲಿ ಕಾಗದ ಮಾಡಲು ತೊಡಗಿತು. ಅತ್ತ ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದು, ಸೂಪಾ ಪಟ್ಟಣ ಮುಳುಗಿ, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು, ಜನ ರಾಮನಗರದಂಥ ಜಾಗಗಳಿಗೆ ಹೋದರು. ಅಂಗಳಗಳಿಂದ ಎದ್ದ ಜನ, ಘಟ್ಟದ ಕೆಳಗಿನ ಜನ, ಬಯಲುಸೀಮೆಯ ಜನ, ಆಂಧ್ರ, ಕೇರಳ, ರಾಜಸ್ಥಾನದ ಜನ ಎಲ್ಲ ಸಾಲುಮನೆಗಳಲ್ಲಿ ಗೋಡೆಗೆ ಗೋಡೆ ಹಚ್ಚಿ ಬದುಕತೊಡಗಿದರು. ಕಾಗದದ ಯಂತ್ರ ರಾತ್ರಿಯಾಯಿತೆಂದು ನಿಲ್ಲುವುದಿಲ್ಲ. ಊರು ಮೂರು ಪಾಳಿಗೆ ಹಂಚಿಹೋಯಿತು. ಎಷ್ಟು ಹೊತ್ತಿಗೆ ನೋಡಿದರೂ ಯಾರೋ ಒಬ್ಬರು ಮಲಗಿರುವ ಊರು ಅದು.

ಇಂಥ ಮನೆಗಳಿಗೆ ಸಬ್‌ವೂಫರ್ ಬಂತು. ಅದು ಹುಟ್ಟಿದ್ದು 1960ರ ದಶಕದ ಅಮೆರಿಕದಲ್ಲಿ, ಸಂಗೀತದ ಹುಚ್ಚಿನವರ ಮನೆಗಳಿಗಾಗಿ. ಜನಸಾಮಾನ್ಯರಿಗೆ ಅದರ ರುಚಿ ಹತ್ತಿಸಿದ್ದು ಸಿನಿಮಾ. 1974ರಲ್ಲಿ 'ಅರ್ತ್‌ಕ್ವೇಕ್' ಚಿತ್ರಕ್ಕಾಗಿ ಯೂನಿವರ್ಸಲ್ ಕಂಪನಿ ಸೆನ್‌ಸರೌಂಡ್ ಎಂಬ ವ್ಯವಸ್ಥೆ ತಂದಿತು. ಭೂಕಂಪದ ದೃಶ್ಯಕ್ಕೆ ದೊಡ್ಡ ದೊಡ್ಡ ಸ್ಪೀಕರುಗಳು ನಿಜವಾಗಿಯೂ ಚಿತ್ರಮಂದಿರವನ್ನು ನಡುಗಿಸುತ್ತಿದ್ದವು. ಹಾಲಿವುಡ್‌ನ ಚೈನೀಸ್ ಥಿಯೇಟರಿನಲ್ಲಿ ಛಾವಣಿಯ ಗಿಲಾವು ಜನರ ತಲೆ ಮೇಲೆ ಬೀಳದಿರಲೆಂದು ಬಲೆ ಕಟ್ಟಿದ್ದರು. ಪಕ್ಕದ ಪರದೆಯಲ್ಲಿ ಶಾಂತವಾದ ಸಿನಿಮಾ ನೋಡುತ್ತಿದ್ದವರು ದೂರು ಕೊಟ್ಟದ್ದೂ ಉಂಟು. ಅಂದರೆ ಬೇಸ್ ಗೋಡೆ ದಾಟುತ್ತದೆ ಎಂಬುದು ಅದನ್ನು ಮಾರುವವರಿಗೆ ಮೊದಲ ದಿನದಿಂದಲೂ ಗೊತ್ತಿತ್ತು. 1992ರಲ್ಲಿ 'ಬ್ಯಾಟ್‌ಮ್ಯಾನ್ ರಿಟರ್ನ್ಸ್' ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್ ಬಂತು. ಅದರ 5.1 ಎಂಬ ಹೆಸರಿನಲ್ಲಿ ಆ ಪುಟ್ಟ .1 ಇದೆಯಲ್ಲ, ಅದು ಬರೀ ತಗ್ಗು ಸದ್ದಿಗೆ ಮೀಸಲಾದ ಹಾದಿ. ಆಮೇಲೆ ಅದೇ ಹಾದಿ ಡಿವಿಡಿ ಜೊತೆ ನಮ್ಮ ಪಡಸಾಲೆಗಳಿಗೆ ಬಂತು. ಗಣಪತಿ ಹಬ್ಬದ ಡಿಜೆ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ, ಅದನ್ನು ಇಲ್ಲಿ ಬಿಡುತ್ತೇನೆ. ಅದು ವರ್ಷಕ್ಕೊಮ್ಮೆ ಬಂದು ಹೋಗುವ ಲಾರಿ. ಮನೆಯೊಳಗಿನ ಪೆಟ್ಟಿಗೆ ಎಲ್ಲಿಗೂ ಹೋಗುವುದಿಲ್ಲ.

ಕ್ಷೇತ್ರಕಾರ್ಯಕ್ಕೆಂದು ನಾನು ದಾಂಡೇಲಿಯಲ್ಲಿ ಕೆಲವು ತಿಂಗಳು ಬಾಡಿಗೆಗಿದ್ದದ್ದು ಇಂಥದ್ದೇ ಒಂದು ಸಾಲುಮನೆಯಲ್ಲಿ. ಎಡಕ್ಕೆ ಪಾಳಿ ಕೆಲಸದ ಕಾಕಾ ಮತ್ತು ಕಾಕೂ. ಅವರಾಚೆ ಇಪ್ಪತ್ತೆರಡು ವರ್ಷದ ಹುಡುಗ, ಅವನ ತಾಯಿ, ಹೊಸದಾಗಿ ಕೊಂಡ ಹೋಮ್ ಥಿಯೇಟರ್. ಕಾಕಾ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗುವ ಹೊತ್ತಿಗೆ ಹುಡುಗ ಏಳುತ್ತಿದ್ದ.

"ಹಾಡು ಕೇಳ್ಸಿದ್ರ ಅಡ್ಡಿ ಇಲ್ಲ ತಂಗೀ, ಹಾಡು ಅಂತ ಗೊತ್ತಾದ್ರ ಮನಸ್ಸು ಅದರ ಜೋಡಿ ಹೋಗತೈತಿ," ಅಂದರು ಕಾಕಾ ಒಂದು ದಿನ. "ಇದು ಹಾಡಲ್ಲ. ಬರೀ ಧಡ್ ಧಡ್. ಎದಿ ಬಡಿಯೂದೋ ಗ್ವಾಡಿ ಬಡಿಯೂದೋ ತಿಳೀವಲ್ದು."

ಹುಡುಗನಿಗೂ ಅವನದೇ ನ್ಯಾಯವಿತ್ತು. "ಅಕ್ಕಾ, ನಾನು ಬಾಗ್ಲಾ ಹಾಕೇನಿ, ಕಿಡಕಿ ಹಾಕೇನಿ. ಹೊರಗ ನಿಂತು ಕೇಳ್ರಿ ಬೇಕಾರ, ಏನೂ ಕೇಳಂಗಿಲ್ಲ." ಹೊರಗೆ ನಿಂತು ಕೇಳಿದೆ. ಅವನು ಹೇಳಿದ್ದು ಹೆಚ್ಚುಕಡಿಮೆ ನಿಜ. ಕಾಕಾ ಮಲಗುವ ಕೋಣೆಯಲ್ಲಿ ನಿಂತೆ. ಅವರು ಹೇಳಿದ್ದೂ ನಿಜ. ತಿಜೋರಿಯ ಮೇಲಿಟ್ಟ ಸ್ಟೀಲ್ ಡಬ್ಬಿಯ ಮುಚ್ಚಳ ತಾಳಕ್ಕೆ ಸರಿಯಾಗಿ ಗಲಗಲ ಎನ್ನುತ್ತಿತ್ತು.

ಇಬ್ಬರೂ ನಿಜ ಹೇಳುತ್ತಿರುವಾಗ ಜಗಳ ಹೇಗೆ ಹುಟ್ಟುತ್ತದೆ? ಗೋಡೆಯಿಂದಲೇ. ಗೋಡೆ ಸದ್ದನ್ನು ತಡೆಯುವುದು ತನ್ನ ತೂಕದಿಂದ. ಗಾಳಿಯ ಅಲೆ ಬಂದು ಗೋಡೆಯನ್ನು ತಳ್ಳುತ್ತದೆ. ಅಲೆ ಬೇಗ ಬೇಗ ದಿಕ್ಕು ಬದಲಿಸಿದರೆ ಭಾರದ ಗೋಡೆ ಅಲುಗಲು ಪುರುಸೊತ್ತೇ ಇರುವುದಿಲ್ಲ. ಅಲೆ ನಿಧಾನವಾಗಿದ್ದರೆ ಪುರುಸೊತ್ತು ಸಿಗುತ್ತದೆ, ಗೋಡೆ ಕೂದಲೆಳೆಯಷ್ಟು ಅಲುಗಿ ಆಚೆಯ ಗಾಳಿಯನ್ನು ತಳ್ಳುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ ಸ್ವರದ ಆವರ್ತನ ಅರ್ಧವಾದಾಗಲೆಲ್ಲ ಗೋಡೆಯ ತಡೆ ಸುಮಾರು 6 ಡೆಸಿಬಲ್ ಕುಸಿಯುತ್ತದೆ. ಹಾಡುಗಾರನ ದನಿಯಲ್ಲಿ ಮುಖ್ಯವಾದ 800 ಹರ್ಟ್ಜ್‌ನಿಂದ ಬೇಸಿನ 50 ಹರ್ಟ್ಜ್‌ಗೆ ಇಳಿಯುವಷ್ಟರಲ್ಲಿ ನಾಲ್ಕು ಸಲ ಅರ್ಧವಾಗಿ, 24 ಡೆಸಿಬಲ್ ತಡೆ ಮಾಯವಾಗಿರುತ್ತದೆ. ಗೋಡೆಯ ದಪ್ಪವನ್ನು ಒಂಬತ್ತು ಇಂಚಿನಿಂದ ಹದಿನೆಂಟಕ್ಕೆ ಏರಿಸಿದರೆ ವಾಪಸ್ಸು ಸಿಗುವುದು 6 ಮಾತ್ರ. ಹೀಗಾಗಿ ಗೋಡೆ ಒಂದು ಜರಡಿ. ರಾಗ, ಸಾಹಿತ್ಯ, ತಂತಿ, ಕೊಳಲು ಎಲ್ಲವನ್ನೂ ಹುಡುಗನ ಕಡೆ ಉಳಿಸಿಕೊಂಡು ಧಡ್ ಧಡ್ ಅನ್ನು ಮಾತ್ರ ಕಾಕಾನ ಕಡೆಗೆ ಇಳಿಸುತ್ತದೆ. ಹುಡುಗ ಕೇಳುವ ಹಾಡನ್ನು ಕಾಕಾ ಯಾವತ್ತೂ ಕೇಳಿಯೇ ಇಲ್ಲ.

ಇದರ ಮೇಲೆ ಕೋಣೆಯ ಅಳತೆ ಬೇರೆ. ಹನ್ನೊಂದು ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 51 ಹರ್ಟ್ಜ್‌ನ ಅಲೆ ಸರಿಯಾಗಿ ಅರ್ಧ ಕೂರುತ್ತದೆ. ಅಲ್ಲಿ ಕೋಣೆಯೇ ಗುಮಟೆಯ ಹಾಗೆ ಮಿಡಿಯುತ್ತದೆ. ನಮ್ಮ ನಡುವಿತ್ತಿನ ಮನೆಗಳ ಕೋಣೆಗಳೆಲ್ಲ ಹತ್ತು, ಹನ್ನೊಂದು, ಹನ್ನೆರಡು ಅಡಿಯವೇ. ಎರಡೂ ಮನೆಗಳ ಕೋಣೆ ಒಂದೇ ಅಳತೆಯವಾದ್ದರಿಂದ ಈಚೆ ಎದ್ದ ಸ್ವರಕ್ಕೆ ಆಚೆಯದೂ ದನಿಗೂಡಿಸುತ್ತದೆ. ಹಳೆಯ ಹೆಂಚಿನ ಮನೆಯಲ್ಲಿ ಮಾಡಿನ ಸಂದಿಯಿಂದ ಸದ್ದು ಸೋರಿಹೋಗುತ್ತಿತ್ತು, ಮಣ್ಣಿನ ಗೋಡೆ, ಮರದ ತೊಲೆ, ಹೆಂಚು ಒಂದಕ್ಕೊಂದು ಅಂಟಿರಲಿಲ್ಲ. ಈಗಿನ ಕಾಲಂ, ಬೀಮು, ಸ್ಲ್ಯಾಬು ಎಲ್ಲ ಒಂದೇ ಎರಕ. ಒಂದು ಕಡೆ ತಟ್ಟಿದರೆ ಇನ್ನೊಂದು ಕಡೆಗೆ ಗೊತ್ತಾಗುತ್ತದೆ. ಹೆಂಚಿನ ಮನೆಯನ್ನು ಹೊಗಳುತ್ತಿಲ್ಲ. ಅದರಲ್ಲಿ ಪಕ್ಕದ ಮನೆಯ ಜಗಳ ಅಕ್ಷರಶಃ ಕೇಳುತ್ತಿತ್ತು.

ಈಗ ಕಾನೂನಿಗೆ ಬರೋಣ. ಏಕೆಂದರೆ ಕಾಕಾ ಒಂದು ಹಂತದಲ್ಲಿ ಪೊಲೀಸರ ಮಾತೆತ್ತಿದ್ದರು. ನಮ್ಮ ಶಬ್ದಮಾಲಿನ್ಯ ನಿಯಮಗಳು ಬಂದದ್ದು 2000ನೇ ಇಸವಿಯಲ್ಲಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಖಾಸಗಿ ಧ್ವನಿವರ್ಧಕದ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು. ನಿಯಮಗಳನ್ನು ಗಟ್ಟಿಗೊಳಿಸಿದ್ದು ಸುಪ್ರೀಂ ಕೋರ್ಟಿನ 2005ರ ಜುಲೈ 18ರ ತೀರ್ಪು. ಆ ಮೊಕದ್ದಮೆಯ ಮೂಲದಲ್ಲಿ ಹದಿಮೂರು ವರ್ಷದ ಬಾಲಕಿಯೊಬ್ಬಳ ಮೇಲೆ ನಡೆದ ಅತ್ಯಾಚಾರವಿತ್ತು, ಧ್ವನಿವರ್ಧಕದ ಅಬ್ಬರದಲ್ಲಿ ಅವಳ ಕೂಗು ಯಾರಿಗೂ ಕೇಳಿಸಿರಲಿಲ್ಲ. ಸದ್ದನ್ನು ಬರೀ ಕಿರಿಕಿರಿ ಎಂದುಕೊಂಡವರು ಆ ತೀರ್ಪನ್ನು ಓದಬೇಕು.

ಆದರೆ ಆ ಡೆಸಿಬಲ್ ಮುಂದೆ ಆವರಣದಲ್ಲಿ ಒಂದು 'ಎ' ಇದೆ. ಅದರ ಕಥೆ ಬೆಲ್ ಪ್ರಯೋಗಾಲಯಕ್ಕೇ ಮರಳಿ ಹೋಗುತ್ತದೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಮನುಷ್ಯರ ಕಿವಿಗೆ ಯಾವ ಸ್ವರ ಎಷ್ಟು ಜೋರಾಗಿ ಕೇಳುತ್ತದೆ ಎಂದು ಅಳೆದು ವಕ್ರರೇಖೆಗಳನ್ನು ಬರೆದರು. ಮೆಲ್ಲನೆಯ ಸದ್ದುಗಳಲ್ಲಿ ನಮ್ಮ ಕಿವಿ ತಗ್ಗು ಸ್ವರಕ್ಕೆ ಮಂದ, ಸದ್ದು ಏರಿದಂತೆ ಆ ಮಂದತನ ಕಡಿಮೆಯಾಗುತ್ತದೆ. ಇದನ್ನು ಅನುಸರಿಸಿ 1936ರಲ್ಲಿ ಅಮೆರಿಕದಲ್ಲಿ ಶಬ್ದಮಾಪಕಕ್ಕೆ ಮಾನದಂಡ ಬಂತು. ಮೆಲುಸದ್ದಿಗೆ 'ಎ' ಎಂಬ ಸೋಸುವಿಕೆ, ಅದಕ್ಕಿಂತ ಜೋರಿನದಕ್ಕೆ 'ಬಿ', ಮುಂದೆ ಅಬ್ಬರದ ಸದ್ದಿಗೆ 'ಸಿ'. ಮೂರು ಕಿವಿಗಳಿದ್ದ ಮಾಪಕ ಕಾಲಕ್ರಮೇಣ ಒಂದೇ ಕಿವಿಯದಾಯಿತು. ಒಂದೇ ಸಂಖ್ಯೆ ಇದ್ದರೆ ಕಚೇರಿಗಳಿಗೆ ಸುಲಭ. ಮೆಲುಸದ್ದಿಗೆಂದು ಮಾಡಿದ 'ಎ' ಎಲ್ಲ ಸದ್ದಿಗೂ ಅಳತೆಗೋಲಾಗಿ ಲೋಕದ ಕಾನೂನುಗಳೊಳಗೆ ಹೊಕ್ಕಿತು, ನಮ್ಮದರೊಳಗೂ.

'ಎ' ಸೋಸುವಿಕೆ 50 ಹರ್ಟ್ಜ್‌ನಲ್ಲಿ 30 ಡೆಸಿಬಲ್ ಕಳೆದುಬಿಡುತ್ತದೆ. ಕಾಕಾನ ಕೋಣೆಯಲ್ಲಿ 50 ಹರ್ಟ್ಜ್‌ನ ಸದ್ದು ನಿಜವಾಗಿ 75 ಡೆಸಿಬಲ್ ಇದ್ದರೆ ಮಾಪಕದ ಮುಖದಲ್ಲಿ ಬರುವುದು 45. ಅಂದರೆ ನಡುರಾತ್ರಿಯಲ್ಲೂ ಕಾನೂನಿಗೆ ಒಪ್ಪಿಗೆ. ಮಾಪಕ ಸುಳ್ಳು ಹೇಳುತ್ತಿದೆ ಎಂದಲ್ಲ. ಒಂದು ಸ್ವರ ಸರಾಸರಿ ಕಿವಿಗೆ ಎಷ್ಟು ಜೋರು ಎಂದು ಕೇಳಿದರೆ ಅದು ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತದೆ. ಆದರೆ ಡಬ್ಬಿಯ ಮುಚ್ಚಳ ಅದುರಿದ್ದನ್ನು, ಮಂಚದ ಕಾಲಿನಿಂದ ಬೆನ್ನಿಗೆ ಏರಿದ್ದನ್ನು, ಬೇರೆ ಸದ್ದೇ ಇಲ್ಲದ ಕೋಣೆಯಲ್ಲಿ ಅದೊಂದೇ ಒಂದೇ ಸಮ ಬಡಿಯುವುದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು ವಿಚಿತ್ರವೂ ಇದೆ. ನಡುಸ್ವರಗಳಲ್ಲಿ ಸದ್ದು ಎರಡರಷ್ಟು ಜೋರೆನಿಸಲು ಸುಮಾರು 10 ಡೆಸಿಬಲ್ ಏರಬೇಕು. ಬೇಸಿನಲ್ಲಿ ಅದಕ್ಕಿಂತ ಕಡಿಮೆ ಏರಿಕೆ ಸಾಕು. ಹುಡುಗ ಗುಂಡಿಯನ್ನು ತುಸುವೇ ತಿರುಗಿಸಿದರೆ ಕಾಕಾಗೆ ಅದು ತುಸುವಲ್ಲ.

ಗಡಿಯಾರದ ಸಮಸ್ಯೆ ಇದಕ್ಕಿಂತ ದೊಡ್ಡದು. ಕಾನೂನಿನ ರಾತ್ರಿ ಹತ್ತಕ್ಕೆ ಶುರು. ಕಾಕಾನ ರಾತ್ರಿ ಬೆಳಿಗ್ಗೆ ಎಂಟಕ್ಕೆ ಶುರು. ಪಾಳಿ ಕೆಲಸದವರ ನಿದ್ದೆಗೆ ನಮ್ಮ ನಿಯಮಗಳಲ್ಲಿ ಜಾಗವೇ ಇಲ್ಲ. ದಾಂಡೇಲಿಯಂಥ ಊರಿನಲ್ಲಿ ಎಷ್ಟೋ ಮನೆಗಳ ಅನ್ನ ಪಾಳಿಯಿಂದಲೇ ಬರುತ್ತದೆ ಎಂಬುದನ್ನು ನೆನೆದರೆ ಇದು ಮರೆವೋ, ಹಗಲು ದುಡಿದು ರಾತ್ರಿ ಮಲಗುವವರೇ ನಿಯಮ ಬರೆದದ್ದರ ಫಲವೋ ಎಂದು ಕೇಳಬೇಕಾಗುತ್ತದೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ.

ಸದ್ದಿನ ಮೇಲೆ ಗೋಡೆಯಿಂದ ಯುದ್ಧ ಹೂಡಿದವರಲ್ಲಿ ಪ್ರಸಿದ್ಧ ಥಾಮಸ್ ಕಾರ್ಲೈಲ್. ಲಂಡನ್ನಿನ ಚೇನಿ ರೋ ಮನೆಯ ನೆತ್ತಿಯ ಮೇಲೆ 1853ರಲ್ಲಿ ಇಮ್ಮಡಿ ಗೋಡೆಗಳ ಕೋಣೆ ಕಟ್ಟಿಸಿದ. ಪಕ್ಕದ ಮನೆಯ ಕೋಳಿ, ಪಿಯಾನೊ ತಪ್ಪಿಸಿಕೊಳ್ಳಲು ಹೋಗಿ ದೂರದ ರೈಲು, ಹಡಗುಗಳ ಸದ್ದು ಕೇಳಿಸಿಕೊಂಡ. ಅವನ ಕಾಲದವನೇ ಆದ, ಗಣಕಯಂತ್ರದ ಪಿತಾಮಹ ಚಾರ್ಲ್ಸ್ ಬ್ಯಾಬೇಜ್ ಕಾನೂನಿನ ದಾರಿ ಹಿಡಿದು ಬೀದಿ ವಾದ್ಯಗಾರರ ಮೇಲೆ ಹರಿಹಾಯ್ದ. 1864ರಲ್ಲಿ ಅವರ ವಿರುದ್ಧ ಕಾಯ್ದೆಯೂ ಬಂತು. ಅದನ್ನು ಮಂಡಿಸಿದ ಸಂಸದನ ಹೆಸರು ಮೈಕೆಲ್ ಬಾಸ್. ಇಂಗ್ಲಿಷಿನಲ್ಲಿ ಆ ಹೆಸರಿಗೂ ತಗ್ಗು ಸ್ವರಕ್ಕೂ ಕಾಗುಣಿತ ಒಂದೇ! ಆ ಕಾಯ್ದೆಗೆ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೆ ಬಂದ ಇಟಲಿಯ ಬಡವರು. ಸದ್ದಿನ ಕಾನೂನು ಯಾರ ಸದ್ದನ್ನು ಮೊದಲು ಹಿಡಿಯುತ್ತದೆ ಎಂಬುದಕ್ಕೆ ಅದು ಹಳೆಯ ಸಾಕ್ಷಿ. ಹುಡುಗನ ಮನೆಗೆ ಪೊಲೀಸರು ಬರುವುದು ನನಗೂ, ಕೊನೆಗೆ ಕಾಕಾಗೂ ಇಷ್ಟವಿರಲಿಲ್ಲ.

ಹುಡುಗನೂ ಕಾರ್ಲೈಲನ ದಾರಿಯಲ್ಲೇ ಯೋಚಿಸಿದ್ದ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಹಚ್ಚುವುದೆಂದು ಅಂಗಡಿಯಿಂದ ಕಟ್ಟುಗಟ್ಟಲೆ ತಂದಿಟ್ಟಿದ್ದ. 50 ಹರ್ಟ್ಜ್‌ನ ಒಂದು ಅಲೆ ಏಳು ಮೀಟರಿಗೆ ತುಸು ಕಡಿಮೆ, ಸುಮಾರು ಇಪ್ಪತ್ತೆರಡೂವರೆ ಅಡಿ ಉದ್ದ. ಅದನ್ನು ಮೆತ್ತನೆಯ ವಸ್ತುವಿನಿಂದ ಹೀರಬೇಕಾದರೆ ಅದರ ಕಾಲು ಭಾಗದಷ್ಟಾದರೂ ದಪ್ಪ ಬೇಕು. ಅಂದರೆ ಐದೂವರೆ ಅಡಿ, ಅರ್ಧ ಕೋಣೆ. ಎರಡಿಂಚಿನ ಮೊಟ್ಟೆ ಟ್ರೇ ಆ ಅಲೆಗೆ ಇದ್ದೂ ಇಲ್ಲದ್ದು. ಸ್ಪಂಜಿನ ಹಾಳೆಗಳಿಗೂ ಇದೇ ಮಾತು. ಅವು ಕೋಣೆಯೊಳಗಿನ ಮಾರ್ದನಿ ತಗ್ಗಿಸುತ್ತವೆ, ಬೇಸನ್ನು ಪಕ್ಕದ ಮನೆಗೆ ಹೋಗದಂತೆ ತಡೆಯುವುದಿಲ್ಲ.

ಗೋಡೆಯನ್ನು ಬಿಟ್ಟು ಪೆಟ್ಟಿಗೆಯ ಹತ್ತಿರ ಹೋದಾಗ ಕೆಲಸವಾಯಿತು. ಪೆಟ್ಟಿಗೆ ಇದ್ದದ್ದು ಕಾಕಾನ ಗೋಡೆಗೆ ಒತ್ತಿದ ಮೂಲೆಯಲ್ಲಿ. ಮೂಲೆ ಎಂದರೆ ಎರಡು ಗೋಡೆ ಮತ್ತು ನೆಲ ಕೂಡಿ ಕಹಳೆಯ ಬಾಯಿಯಂತೆ ಬೇಸನ್ನು ಉಬ್ಬಿಸುವ ಜಾಗ, ಕೋಣೆಯ ಎಲ್ಲ ಮಿಡಿತಗಳೂ ಅಲ್ಲಿಂದ ಏಳುತ್ತವೆ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತು ಎಂದು ನಮ್ಮ ಕಿವಿ ಹೇಳಲಾರದು. ಹಾಗಾಗಿ ಪೆಟ್ಟಿಗೆ ಟಿವಿಯ ಪಕ್ಕವೇ ಇರಬೇಕೆಂದಿಲ್ಲ. ಅದನ್ನು ಎತ್ತಿ ತಂದು ಅವನು ಕೂರುವ ಸೋಫಾದ ಬೆನ್ನಿಗೇ ಇಟ್ಟೆವು. ಹತ್ತಿರ ಇದ್ದದ್ದರಿಂದ ಗುಂಡಿಯನ್ನು ಅರ್ಧಕ್ಕೆ ಇಳಿಸಿದರೂ ಅವನಿಗೆ ಸಾಕೆನಿಸಿತು.

ನೆಲಕ್ಕೆ ಹೋಗುವ ನಡುಕಕ್ಕೆ ಬೇರೆ ಮದ್ದು. ಒಂದು ಫರಸಿ ಕಲ್ಲು, ಅದರಡಿಗೆ ನಾಲ್ಕು ಮೂಲೆಯಲ್ಲಿ ಸೈಕಲ್ ಟ್ಯೂಬು ಮಡಚಿದ ಮೆತ್ತೆ. ಇಲ್ಲಿ ಅಂಗಡಿಯವರು ಹೇಳದ ಒಂದು ಲೆಕ್ಕವಿದೆ. ಮೆತ್ತೆ ಕೆಲಸ ಮಾಡಬೇಕಾದರೆ ಭಾರಕ್ಕೆ ಅದು ಕುಸಿಯಲೇಬೇಕು. 1 ಮಿಲಿಮೀಟರ್ ಕುಸಿದರೆ ಆ ಜೋಡಣೆಯ ಸ್ವಂತ ಮಿಡಿತ ಸೆಕೆಂಡಿಗೆ ಸುಮಾರು 16, ಎರಡೂವರೆ ಮಿಲಿಮೀಟರಿಗೆ ಸುಮಾರು 10. ಸ್ವಂತ ಮಿಡಿತದ ಒಂದೂಕಾಲಿಗಿಂತ ಹೆಚ್ಚು, ಹತ್ತಿರ ಹತ್ತಿರ ಒಂದೂವರೆ ಪಟ್ಟು ದಾಟಿದ ಸ್ವರಗಳನ್ನು ಮಾತ್ರ ಮೆತ್ತೆ ತಡೆಯುತ್ತದೆ, ಅದಕ್ಕಿಂತ ಕೆಳಗಿನವನ್ನು ಇನ್ನಷ್ಟು ಹೆಚ್ಚಿಸುತ್ತದೆ. 10ರ ಮಿಡಿತ ಸಿಕ್ಕರೆ 40 ಹರ್ಟ್ಜ್‌ನಲ್ಲಿ ನೆಲಕ್ಕೆ ದಾಟುವುದು ಲೆಕ್ಕದ ಪ್ರಕಾರ ಹದಿನೈದರಲ್ಲೊಂದು ಪಾಲು. ರಬ್ಬರಿನಲ್ಲಿ ಅಷ್ಟು ಸಿಗದು, ಅರ್ಧ ಸಿಕ್ಕರೂ ಲಾಭ. ಕಲ್ಲಿನ ಭಾರ ಬೇಕಾದದ್ದು ಅದಕ್ಕೇ, ಮೆತ್ತೆ ಕುಸಿಯಲೆಂದು. ಗಟ್ಟಿ ರಬ್ಬರಿನ ತೆಳು ಬಿಲ್ಲೆಗಳನ್ನು ನೂರಾರು ರೂಪಾಯಿಗೆ ಮಾರುತ್ತಾರೆ, ಬೆರಳಿನಿಂದ ಒತ್ತಿದರೂ ಕುಸಿಯದ ಅವು ಪೆಟ್ಟಿಗೆ ಜಾರದಂತೆ ತಡೆಯಲಷ್ಟೇ ಉಪಯೋಗ. ಇನ್ನು, ಒಳ್ಳೆಯ ಮೆತ್ತೆಯೂ ಅರ್ಧ ಉಪಾಯವೇ. ಸಬ್‌ವೂಫರಿನ ಬೇಸ್ ಹೆಚ್ಚಾಗಿ ಹೋಗುವುದು ಗಾಳಿಯ ಮೂಲಕ ಗೋಡೆಗೆ, ಕಾಲಿನ ಮೂಲಕ ನೆಲಕ್ಕಲ್ಲ. ಡಬ್ಬಿಯ ಮುಚ್ಚಳ ಸುಮ್ಮನಾಯಿತು. ಧಡ್ ಧಡ್ ತಗ್ಗಿತೇ ಹೊರತು ನಿಲ್ಲಲಿಲ್ಲ.

ಉಳಿದದ್ದು ತೂತು. ಹಳೆಯ ಬನಿಯನ್ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಪೆಟ್ಟಿಗೆಯ ತೂತಿಗೆ ತುರುಕಿದೆವು. ಕೊರಳಿನ ಗಾಳಿ ಕುಣಿಯುವುದು ನಿಂತಾಗ ತೀರಾ ತಗ್ಗಿನ ಸ್ವರಗಳ ಉಬ್ಬರವೂ ಇಳಿಯಿತು. ಬಟ್ಟೆ ತೆಗೆದಾಗ, ಹಾಕಿದಾಗ ಆಗುವ ವ್ಯತ್ಯಾಸವನ್ನು ಹುಡುಗ ನಾಲ್ಕೈದು ಸಲ ಮಾಡಿ ನೋಡಿದ. ಗುಮಟೆಯ ವಿಷಯ ಹೇಳಿ, ಫೋನಿನಲ್ಲಿದ್ದ ನನ್ನ ರೆಕಾರ್ಡಿಂಗ್ ತೋರಿಸಿದೆ. ಬಾರಿಸುವವರ ಎಡಗೈಯನ್ನೇ ನೋಡುತ್ತ, "ಅಂದ್ರ ಅವ್ರದು ಕೈಯಾಗ ಐತಿ, ನಮ್ಮದು ಬನಿಯನ್ನಾಗ ಐತಿ," ಅಂದ. ನಗು ಬಂತು. ನನ್ನ ಪ್ರಬಂಧದ ಒಂದು ಅಧ್ಯಾಯವನ್ನು ಅವನು ಒಂದು ಸಾಲಿನಲ್ಲಿ ಮುಗಿಸಿದ್ದ.

ಗಡಿಯಾರದ ಸಮಸ್ಯೆಯನ್ನು ಬಗೆಹರಿಸಿದ್ದು ನಾನಲ್ಲ, ಅವನ ತಾಯಿ. ಕಾಕೂನ ಹತ್ತಿರ ಹೋಗಿ ಪಾಳಿಯ ವಾರಗಳನ್ನು ಕೇಳಿಕೊಂಡು ಬಂದು, ಅಡುಗೆಮನೆಯಲ್ಲಿ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ರಾತ್ರಿ ಪಾಳಿಯ ದಿನಗಳಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದರು. ಏಕಾದಶಿ, ಸಂಕಷ್ಟಿಗಳ ನಡುವೆ ಆ ಕೆಂಪು ಸುತ್ತುಗಳೂ ಸೇರಿದವು. ಆ ದಿನಗಳಲ್ಲಿ ಮಧ್ಯಾಹ್ನ ಎರಡರ ತನಕ ಪೆಟ್ಟಿಗೆಯ ಪ್ಲಗ್ಗು ಕೆಳಗೆ ಬಿದ್ದಿರುತ್ತಿತ್ತು.